ಇಳಿಜಾರುಗಳಿಗೆ ಹೆಸರಿಟ್ಟವರು

ತರಗತಿಯಲ್ಲಿ ಕರೆಂಟು ಹೋಗಿ ಫ್ಯಾನ್ ನಿಂತಾಗಲೆಲ್ಲ ನನ್ನ ಕೈ ತಾನಾಗಿ ಮೇಜಿನ ಅಂಚನ್ನು ಹಿಡಿಯುತ್ತದೆ. ವಿದ್ಯಾರ್ಥಿಗಳು ಮೊದಮೊದಲು ನಕ್ಕರು, ಈಗ ಅವರಿಗೂ ಅಭ್ಯಾಸವಾಗಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಜನರೇಟರ್ ಹಾಕ್ತಾರೆ ಮೇಡಂ, ಭಯಪಡಬೇಡಿ" ಎಂದು ಸಮಾಧಾನ ಹೇಳುತ್ತಾಳೆ. ಮೇಡಂಗೆ ಸೆಕೆ ತಡೆಯುವುದಿಲ್ಲ ಎಂದು ಅವಳ ಎಣಿಕೆ. ನನಗಿರುವ ಹೆದರಿಕೆ ಬೇರೆ. ಯಂತ್ರದ ಸದ್ದು ನಿಂತ ಮೇಲೂ ಓಟ ನಿಲ್ಲದೆ ಮುಂದುವರಿಯಬಹುದು ಎಂಬುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ಈ ರೋಗವನ್ನು ನನಗೆ ಅಂಟಿಸಿದವರು ನಮ್ಮ ಬಸ್ಸಿನ ಡ್ರೈವರ್. ಅವರು ಈಗ ಬಸ್ಸಿನಲ್ಲಿಲ್ಲ. ಅವರ ಹೆಸರು ಬರೆಯುವುದಿಲ್ಲ. ಲೈಸೆನ್ಸು ವಾಪಸ್ ಕೈಗೆ ಬರುವವರೆಗಾದರೂ ಯಾವ ಕಾಗದದಲ್ಲೂ ಅವರ ಹೆಸರು ಕಾಣಿಸದಿರುವುದು ಒಳ್ಳೆಯದು. ಮನೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡುತ್ತಾ ಬಂದವರಾದರೂ ಅವರಿಗೆ ಕನ್ನಡ ಓದಲು ಬಾರದು. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ತಮಿಳು ಸೀಮೆಯ ಅನ್ನೂರಿನ ಹೊರಗಿರುವ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಮೆಟ್ಟುಪಾಳ್ಯಂನಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸ್ವೆಟರ್ ಹಿಡಿದುಕೊಂಡ ಜನ ಬೆಟ್ಟದ ಕಡೆಯ ಬಸ್ಸಿಗೆ ಮುಗಿಬಿದ್ದರೆ, ನಾವೊಂದಷ್ಟು ಜನ ಬೆಟ್ಟಕ್ಕೆ ಬೆನ್ನು ಹಾಕಿ, ಬಯಲಿನ ಕಡೆ ಹೋಗುವ ಖಾಸಗಿ ಬಸ್ಸು ಹತ್ತುತ್ತಿದ್ದೆವು. ಮಿಲ್ಲಿಗೆ ಹೋಗುವವರು, ಬನಿಯನ್ ಕಂಪನಿಗಳಿಗೆ ಹೋಗುವ ಹೆಂಗಸರು, ಸತ್ಯಮಂಗಲದ ಮಲ್ಲಿಗೆಯನ್ನು ಬುಟ್ಟಿಯಲ್ಲಿ ಹೊತ್ತು ತರುವ ಹೂವಿನಕ್ಕ, ಮತ್ತು ನಾನು. ಡ್ರೈವರ್ ಹಿಂದಿನ ಸೀಟು ನನ್ನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಪಾಠ ಮಾಡುವವರಿಗೆ ಕೊಡುವ ಗೌರವ ಅದು. ಆ ಸೀಟಿಗೆ ಎಂಜಿನ್ನಿನ ಬಿಸಿ ನೇರವಾಗಿ ಬಡಿಯುತ್ತಿತ್ತು ಎಂಬುದೂ ಆ ಗೌರವಕ್ಕೆ ಒಂದು ಕಾರಣವಿದ್ದೀತು.

ನಮ್ಮಿಬ್ಬರ ಪರಿಚಯ ಆದದ್ದು ಬೈಗುಳದಿಂದ. ಒಂದು ದಿನ ಬಾಳೆಕಾಯಿ ಲಾರಿಯೊಂದು ದಾರಿ ಬಿಡದೆ ಮುಂದೆ ತೆವಳುತ್ತಿತ್ತು. ಇವರು ಕಿಟಕಿಯಿಂದ ತಲೆ ಹೊರಹಾಕಿ, "ಲೇ ಮೂದೇವಿ, ರೋಡು ನಿಮ್ಮಪ್ಪ ಬರ್ಕೊಟ್ಟು ಹೋಗವ್ನಾ?" ಎಂದು ಅಪ್ಪಟ ಕನ್ನಡದಲ್ಲಿ ಕೂಗಿದರು. ನಾನು ನಕ್ಕುಬಿಟ್ಟೆ. ಕನ್ನಡಿಯಲ್ಲಿ ಎರಡು ಕಣ್ಣು ನನ್ನ ಮೇಲೆ ನಿಂತವು.

"ಏನುಂಗ ಟೀಚರಮ್ಮ, ನಮ್ಮೋರಾ?"

ಹೌದು ಎಂದೆ. ಅವರು ಕಚ್ಚಿದ ನಾಲಿಗೆ ಕನ್ನಡಿಯಲ್ಲಿ ಕಂಡಿತು. ಅಂದಿನಿಂದ ಅವರು ಎದುರಿನ ವಾಹನಗಳನ್ನು ತಮಿಳಿನಲ್ಲೇ ಬೈಯತೊಡಗಿದರು. ನನಗೆ ತಮಿಳು ಚೆನ್ನಾಗಿ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಮನೆಯ ಭಾಷೆಯಲ್ಲಿ ಬೈದರೆ ಮನೆಯವರ ಮುಂದೆ ಬೈದ ಹಾಗೆ ಎಂಬುದು ಅವರ ಮರ್ಯಾದೆ.

ಅವರದು ನೇಕಾರರ ಮನೆ. ಅಪ್ಪ ಕೊನೆಯವರೆಗೂ ಮಗ್ಗ ನೇಯ್ದರು. ಅವರು ಹೋದ ಮೇಲೆ ಇವರು ಮಗ್ಗ ಮಾರಿ, ಅದರ ಕಾಲುಗುಂಡಿ ಮುಚ್ಚಿ, ಆ ಜಾಗದಲ್ಲಿ ಅಡುಗೆಯ ಕಟ್ಟೆ ಕಟ್ಟಿಸಿದರು. "ಅಪ್ಪ ಕಾಲಾಡಿಸಿ ಸಂಪಾದ್ನೆ ಮಾಡಿದ್ರು, ನಾನೂ ಕಾಲಾಡ್ಸೇ ಮಾಡ್ತಾ ಇವ್ನಿ. ಕೈ ಇರೋದು ಕೊಡೋಕೆ ಮಾತ್ರ" ಎನ್ನುತ್ತಿದ್ದರು. ಹೆಂಡತಿ ಅನ್ನೂರು ದಾರಿಯ ಬನಿಯನ್ ಕಂಪನಿಯೊಂದರಲ್ಲಿ, ಹೊಲಿದ ಬಟ್ಟೆಗಳ ಮೇಲೆ ಉಳಿದ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಳು.

ಬೆಲೆ ಏರಿಕೆಯನ್ನು ಅಳೆಯಲು ಅವರದೇ ಪದ್ಧತಿಗಳಿದ್ದವು. ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಉದ್ದಿನವಡೆ ಕೈಗೆ ಬಂದ ಕೂಡಲೇ ಅದನ್ನು ಕಣ್ಣಿಗೆ ಹಿಡಿದು, ತೂತಿನೊಳಗಿಂದ ಅಂಗಡಿಯವನನ್ನು ನೋಡುತ್ತಿದ್ದರು. "ಹೋದ ವರ್ಷ ನಿನ್ನ ಮೂಗು ಮಾತ್ರ ಕಾಣ್ತಿತ್ತು ತಂಬಿ. ಈಗ ನೀನು, ನಿನ್ನ ಗಲ್ಲಾಪೆಟ್ಟಿಗೆ, ಹಿಂದಿರೋ ನಿನ್ನ ಮಾವ, ಎಲ್ಲಾ ಕಾಣ್ತಾ ಇದೀರ."

ಅಂಗಡಿಯವನು ಬಿಡುವವನಲ್ಲ. "ತೂತಿಗೆ ದುಡ್ಡು ತಗೊಳ್ಳೋದಿಲ್ಲ ಅಣ್ಣಾ, ಅದು ಫ್ರೀ."

ಬಸ್ಸಿನ ಮುಂಗಾಜಿನ ಮೇಲೆ ಮೂರು ದೇವರ ಪಟಗಳಿದ್ದವು. ಹಿಂದೆ ಮೂವರಿಗೂ ದಿನಾ ಒಂದೊಂದು ಮೊಳ ಮಲ್ಲಿಗೆ ಬೀಳುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಮೂವರಿಗೂ ಸೇರಿ ಒಂದು ಮೊಳ ಆಗಿತ್ತು. ಚಳಿಗಾಲದಲ್ಲಿ ಹೂವಿನ ಬೆಲೆ ಚಿನ್ನದ ಜೊತೆ ಪಂದ್ಯ ಕಟ್ಟಿದಾಗ ಒಂದೇ ಒಂದು ಹೂವು, ದಿನಕ್ಕೊಬ್ಬ ದೇವರಿಗೆ ಪಾಳಿಯಲ್ಲಿ. "ಅವ್ರೂ ಶಿಫ್ಟ್ ಮೇಲೆ ಕೆಲಸ ಮಾಡ್ಲಿ. ಎಲ್ಲಾರೂ ದಿನಾ ಕಾಯ್ಬೇಕು ಅಂತ ಏನು?" ಎಂದು ಹೂವಿನಕ್ಕನಿಗೆ ವಿವರಿಸಿದರು. ಹೂವಿನಕ್ಕ ಕೆನ್ನೆ ಬಡಿದುಕೊಂಡು, ಉಳಿದಿಬ್ಬರಿಗೆ ತನ್ನ ಬುಟ್ಟಿಯಿಂದಲೇ ಎರಡು ಹೂವು ಕಿತ್ತು ಇಟ್ಟಳು. ಮಾರನೆಯ ದಿನವೂ ಇಟ್ಟಳು. ಮೂರನೆಯ ದಿನ ಇವರು ತಮ್ಮ ಒಂದು ಹೂವನ್ನೂ ನಿಲ್ಲಿಸಿದರು.

ನಮ್ಮ ಬಸ್ಸಿನ ಮಾಲೀಕರನ್ನು ಎಲ್ಲರೂ ಮೊದಲಾಳಿ ಎಂದು ಕರೆಯುತ್ತಿದ್ದರು. ಒಳ್ಳೆಯ ಮನುಷ್ಯರು, ಯಾವ ಬೇಡಿಕೆಯನ್ನೂ ಇಲ್ಲ ಎಂದವರಲ್ಲ. ಡ್ರೈವರ್ ಕಂಡಕ್ಟರುಗಳ ದಿನದ ಕೂಲಿಗೆ ಬತ್ತಾ ಎನ್ನುತ್ತಾರೆ. ಅಕ್ಕಿ, ಎಣ್ಣೆ, ಬಾಡಿಗೆ, ಫೀಸು ಎಲ್ಲವೂ ಏರಿದರೂ ಬತ್ತಾ ಮಾತ್ರ ಬಸವನಂತೆ ಕೂತಲ್ಲೇ ಕೂತಿತ್ತು. ಒಮ್ಮೆ ಎಲ್ಲ ಬಸ್ಸಿನವರೂ ಒಟ್ಟಾಗಿ ಹೋಗಿ ಕೇಳಿದರು. ಮೊದಲಾಳಿ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ ಬಾದಾಮಿ ಹಾಲು ಕೊಟ್ಟು ಭಾಷಣ ಮಾಡಿದರು. ಆ ಭಾಷಣವನ್ನು ನಮ್ಮ ಕಂಡಕ್ಟರ್ ಅದೇ ದನಿಯಲ್ಲಿ ಎಷ್ಟೋ ದಿನ ಬಸ್ಸಿನಲ್ಲಿ ಅಭಿನಯಿಸಿ ತೋರಿಸಿದ.

"ನೀವು ಬೇರೆ ನಾನು ಬೇರೆ ಅಲ್ಲ. ನಾವೆಲ್ಲ ಒಂದು ಕುಟುಂಬ. ಬತ್ತಾ ಜಾಸ್ತಿ ಕೇಳೋದು ಕೂಲಿಯವರು. ಕುಟುಂಬದವರು ಪಾಲು ಕೇಳ್ತಾರೆ. ನಾನು ಪಾಲೇ ಕೊಡ್ತೀನಿ. ಲೀಟರಿಗೆ ಇಷ್ಟು ದೂರ ಓಡಬೇಕು ಅಂತ ಇದೆ. ಅದಕ್ಕಿಂತ ಹೆಚ್ಚು ಓಡಿಸಿ ಡೀಸೆಲ್ ಉಳಿಸಿದವನಿಗೆ, ಉಳಿಸಿದ್ದರಲ್ಲಿ ಅರ್ಧ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾದಾಮಿ ಹಾಲಿನಲ್ಲಿ ಬಾದಾಮಿ ಇರಲಿಲ್ಲ ಎಂಬುದು ಕಂಡಕ್ಟರನ ಟಿಪ್ಪಣಿ.

ಅದೇ ಹೊತ್ತಿನಲ್ಲಿ ನಾನು ತರಗತಿಯಲ್ಲಿ ಪ್ರೋತ್ಸಾಹಕ ವೇತನದ ಪಾಠ ಮಾಡುತ್ತಿದ್ದೆ. ಪುಸ್ತಕದ ಪ್ರಕಾರ ಈ ಪದ್ಧತಿಯಲ್ಲಿ ಮಾಲೀಕನಿಗೂ ಲಾಭ, ಕೆಲಸಗಾರನಿಗೂ ಲಾಭ. ಪುಸ್ತಕದ ಉದಾಹರಣೆಯಲ್ಲಿ ಕಾರ್ಖಾನೆ ಇತ್ತು, ಯಂತ್ರ ಇತ್ತು. ಅದರೊಳಗೆ ಪ್ರಯಾಣಿಕರು ಇರಲಿಲ್ಲ.

ಮೆಟ್ಟುಪಾಳ್ಯಂನಿಂದ ಅನ್ನೂರಿಗೆ ಹೋಗುವ ನೆಲ ಸಮತಟ್ಟಲ್ಲ. ಏರಿ ಇಳಿದು, ಮತ್ತೆ ಏರಿ ಇಳಿದು ಹೋಗುತ್ತದೆ. ಇವರು ಇಳಿಜಾರಿನ ನೆತ್ತಿಗೆ ಬಂದ ಕೂಡಲೇ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡತೊಡಗಿದರು. ಎಂಜಿನ್ನು ಸಣ್ಣಗೆ ಗುನುಗುತ್ತಿತ್ತು, ಬಸ್ಸು ತನ್ನ ಭಾರಕ್ಕೆ ತಾನೇ ಕೆಳಗೆ ಹರಿಯುತ್ತಿತ್ತು. ಉಳಿದ ಡ್ರೈವರುಗಳೂ ಇದನ್ನು ಮಾಡುತ್ತಿದ್ದರು. ಆದರೆ ಇಳಿಜಾರುಗಳಿಗೆ ಹೆಸರಿಟ್ಟವರು ಇವರೊಬ್ಬರೇ. ಇಳಿಜಾರಿಗೆ ಈ ಕಡೆ ಇರಕ್ಕ ಎನ್ನುತ್ತಾರೆ. ಊರು ದಾಟಿದ ಮೇಲಿನ ಗಿಡ್ಡದ್ದು ತಕ್ಕಾಳಿ ಇರಕ್ಕ, ಯಾಕೆಂದರೆ ಅದರಲ್ಲಿ ಉಳಿಯುವ ಡೀಸೆಲ್ ಟೊಮೇಟೊಗೆ ಸಾಕು. ಮುಂದಿನದು ಎಣ್ಣೆ ಇರಕ್ಕ. ಮುಚ್ಚಿಹೋದ ಮಿಲ್ಲಿನ ಪಕ್ಕದ್ದು ಫೀಸ್ ಇರಕ್ಕ. ಎಲ್ಲಕ್ಕಿಂತ ಉದ್ದವಾಗಿ, ಕೆಳಗೆ ತೆಂಗಿನನಾರಿನ ಫ್ಯಾಕ್ಟರಿಯವರೆಗೂ ಎಳೆದುಕೊಂಡು ಹೋಗುವುದು ಸಿಲಿಂಡರ್ ಇರಕ್ಕ.

ಹೆಸರುಗಳು ಹಬ್ಬಿದವು. "ಎಣ್ಣೆ ಇರಕ್ಕದ ಹತ್ರ ಒಂದು ಟಿಕೆಟ್" ಎಂದು ಜನ ಕೇಳತೊಡಗಿದರು. ಹೊಸದಾಗಿ ಬಂದ ಸೇಲ್ಸ್‌ಮನ್ ಒಬ್ಬ ಸಿಲಿಂಡರ್ ಇರಕ್ಕದಲ್ಲಿ ಇಳಿದು, ಗ್ಯಾಸ್ ಏಜೆನ್ಸಿ ಎಲ್ಲಿ ಎಂದು ನಾರಿನ ಫ್ಯಾಕ್ಟರಿಯಲ್ಲಿ ವಿಚಾರಿಸಿದನಂತೆ.

ಇಳಿಜಾರಿನಲ್ಲಿ ಎಂಜಿನ್ ಸದ್ದು ಇಳಿದರೆ ಬಸ್ಸಿನೊಳಗಿನ ಮಾತೆಲ್ಲ ಬಯಲಿಗೆ ಬೀಳುತ್ತಿತ್ತು. ಹೂವಿನಕ್ಕ ಒಮ್ಮೆ ಪಕ್ಕದವಳ ಕಿವಿಯಲ್ಲಿ, ಎಂಜಿನ್ ಸದ್ದನ್ನು ಮೀರಿಸುವ ದನಿಯಲ್ಲಿ, ತನ್ನ ನಾದಿನಿಯ ಗುಟ್ಟು ಹೇಳುತ್ತಿದ್ದಳು. ಬಸ್ಸು ಫೀಸ್ ಇರಕ್ಕಕ್ಕೆ ಬಂತು. "...ಆ ಮೇಸ್ತ್ರಿ ಕೊಡಿಸಿದ ಸೀರೆನೇ ಉಟ್ಕೊಂಡು ಗಂಡನ ಮುಂದೆ ಓಡಾಡ್ತಾಳೆ!" ಎಂಬ ಮಾತು ನಿಶ್ಶಬ್ದದಲ್ಲಿ ಗಂಟೆಯಂತೆ ಮೊಳಗಿತು. ಆ ಸೀರೆ ಉಟ್ಟು ನಾದಿನಿ ಹಿಂದಿನ ಸೀಟಿನಲ್ಲೇ ಕೂತಿದ್ದಳು. ಅಂದಿನಿಂದ ಇವರು ಗೇರು ತೆಗೆಯುವ ಮೊದಲು ಒಂದು ಚಿಕ್ಕ ಹಾರನ್ ಹೊಡೆಯುತ್ತಿದ್ದರು. ಹೆಂಗಸರು ಬಾಯಿ ಮುಚ್ಚಲಿ ಎಂದು.

ತಿಂಗಳ ಕೊನೆಗೆ ಇವರಿಗೆ ಪಾಲು ಬಂತು. ಫೋಟೋ ತೆಗೆದು 'ಉತ್ತಮ ಚಾಲಕ' ಎಂದು ಬರೆದು ಬಸ್ಸಿನ ಬಾಗಿಲ ಬಳಿ ಅಂಟಿಸಿದರು. "ಮಗಳ ಫೀಸು ಇರಕ್ಕದಲ್ಲಿ ಕೂತು ಇಳೀತು ಟೀಚರಮ್ಮ" ಎಂದು ನನಗೂ ಒಂದು ಮೈಸೂರುಪಾಕು ಕೊಟ್ಟರು. ನಾನೂ ಸಂತೋಷವಾಗಿ ತಿಂದೆ. ಪಾಠ ನಿಜವಾಗುವುದನ್ನು ಕಾಣುವ ಭಾಗ್ಯ ಮೇಷ್ಟರುಗಳಿಗೆ ಎಷ್ಟು ಸಲ ಸಿಗುತ್ತದೆ?

ಆಮೇಲೆ ಮೊದಲಾಳಿ ಮತ್ತೆ ಸಭೆ ಕರೆದರು. ಈ ಸಲ ಬಾದಾಮಿ ಹಾಲು ಇರಲಿಲ್ಲ, ಬರೀ ಟೀ.

"ಇಷ್ಟು ಉಳಿಸೋಕೆ ಆಗತ್ತೆ ಅಂತ ನೀವೇ ತೋರಿಸಿಕೊಟ್ಟಿರಿ. ಸಂತೋಷ. ಅಂದರೆ ಇಷ್ಟು ದಿನ ನನ್ನ ಡೀಸೆಲ್ ದಂಡ ಮಾಡ್ತಾ ಇದ್ದಿರಿ ಅಂತಾಯ್ತು. ಹೋಗಲಿ, ಕುಟುಂಬದವರು, ನಾನು ಕೇಳೋದಿಲ್ಲ. ಇನ್ನು ಮೇಲೆ ಇದೇ ಮಾಮೂಲಿ ಲೆಕ್ಕ. ಇದರ ಮೇಲೆ ಉಳಿಸಿದ್ದರಲ್ಲಿ ಅರ್ಧ."

ಹೀಗೆ ನಾಲ್ಕೂ ಇರಕ್ಕಗಳು ಒಂದೇ ಸಂಜೆ ಮೊದಲಾಳಿಯ ಪಾಲಾದವು. ಅವುಗಳಲ್ಲಿ ಇಳಿಯುವುದು ಈಗ ಬರೀ ಕೆಲಸ, ಅದಕ್ಕೆ ಪಾಲಿಲ್ಲ. ಆ ವಾರವೇ ಗ್ಯಾಸಿನ ಬೆಲೆಯೂ ಏರಿತು. ಎಂಜಿನ್ನಿನ ಸಣ್ಣ ಗುನುಗೂ ಡೀಸೆಲ್ಲೇ ಕುಡಿಯುತ್ತದೆ ಎಂಬುದು ಇವರಿಗೆ ಹೊಳೆಯಿತು. ಇಳಿಜಾರಿನ ನೆತ್ತಿಯಲ್ಲಿ ಕೀಲಿಯನ್ನೇ ತಿರುಗಿಸಿ ಎಂಜಿನ್ ಪೂರ್ತಿ ಆರಿಸತೊಡಗಿದರು.

"ಪರವಾಗಿಲ್ವಾ ಅಣ್ಣಾ?" ಎಂದು ನಾನೇ ಕೇಳಿದ್ದೆ.

"ಏನಾಗತ್ತೆ? ವಂಡಿಗೂ ಸ್ವಲ್ಪ ರೆಸ್ಟ್ ಬೇಡ್ವಾ? ನಮಗಂತೂ ಇಲ್ಲ" ಎಂದರು. ಆದರೆ ಅದನ್ನು ಹೇಳುವಾಗ ಅವರ ಕಣ್ಣು ಕನ್ನಡಿಗೆ ಬರಲಿಲ್ಲ.

ಬಸ್ಸಿನ ಬ್ರೇಕು ಗಾಳಿಯ ಒತ್ತಡದ ಮೇಲೆ ಕೆಲಸ ಮಾಡುತ್ತದೆ. ಆ ಗಾಳಿಯನ್ನು ತುಂಬಿಸುವುದು ಎಂಜಿನ್ನು. ಎಂಜಿನ್ ಆರಿದ್ದರೆ, ಒಂದೊಂದು ಸಲ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನಲ್ಲಿರುವ ಗಾಳಿ ಖರ್ಚಾಗುತ್ತದೆ, ಹೊಸದು ಬರುವುದಿಲ್ಲ. ಇದು ಅವರಿಗೆ ಗೊತ್ತಿತ್ತು. ನನಗೆ ಆಮೇಲೆ ಗೊತ್ತಾಯಿತು. ಅವರ ಧೈರ್ಯವೆಲ್ಲ ನಿಂತಿದ್ದು ಒಂದೇ ನಂಬಿಕೆಯ ಮೇಲೆ: ಸಿಲಿಂಡರ್ ಇರಕ್ಕ ಬೆಳಿಗ್ಗೆ ಖಾಲಿ ಇರುತ್ತದೆ, ಬ್ರೇಕ್ ಒತ್ತುವ ಪ್ರಮೇಯವೇ ಬರುವುದಿಲ್ಲ.

ಅಂದು ಖಾಲಿ ಇರಲಿಲ್ಲ. ಹಾರನ್ ಸದ್ದಾಯಿತು, ಹೆಂಗಸರು ಸುಮ್ಮನಾದರು, ಕೀಲಿ ತಿರುಗಿತು. ಗಾಳಿಯ ಸುಯ್ಯೆನ್ನುವ ಸದ್ದು, ಕಿಟಕಿಗಳ ಗಡಗಡ. ಅಷ್ಟರಲ್ಲಿ ಅಡ್ಡದಾರಿಯಿಂದ ಒಂದು ಶಾಲಾ ವ್ಯಾನು ರಸ್ತೆಗೆ ಬಂದು ನಮ್ಮ ಮುಂದೆ ನಿಧಾನವಾಗಿ ಸಾಗಿತು. ಇವರು ಬ್ರೇಕ್ ಒತ್ತಿದರು. ಬಸ್ಸಿನ ವೇಗ ತಗ್ಗಿತು. ಬಿಟ್ಟರು, ಮತ್ತೆ ಒತ್ತಿದರು. ವ್ಯಾನು ಇನ್ನೂ ನಿಧಾನವಾಯಿತು. ಮತ್ತೆ ಒತ್ತಿದರು. ಬುಸ್ಸೆಂದು ಗಾಳಿ ಹೊರಗೆ ಹೋದ ಸದ್ದು ಕೇಳಿತು. ಆಮೇಲೆ ಅವರ ಕಾಲಿನ ಕೆಳಗೆ ಪೆಡಲ್ ಇತ್ತು, ಬ್ರೇಕ್ ಇರಲಿಲ್ಲ. ಕೀಲಿ ತಿರುಗಿಸಿದರು. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಹಳೆಯದು; ಅದರಲ್ಲೂ ಮೊದಲಾಳಿ ಉಳಿತಾಯ ಮಾಡಿದ್ದರು. ಗೇರು ಹಾಕಲು ಎಳೆದರು, ಗರಗರ ಎಂದು ಹಲ್ಲು ಕಡಿಯಿತೇ ಹೊರತು ಕೂರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರು. ಅದು ಅಲಂಕಾರಕ್ಕಿತ್ತು.

ವ್ಯಾನಿನ ಹಿಂದಿನ ಗಾಜಿನಲ್ಲಿ ಎರಡು ಜಡೆಯ ಒಂದು ಮಗು ನಮ್ಮ ಕಡೆ ನೋಡಿ ಕೈ ಬೀಸುತ್ತಿತ್ತು. ಇಷ್ಟೇ ನನಗೆ ಮತ್ತೆ ಮತ್ತೆ ಕಾಣುವುದು. ಆ ಕೈ ದೊಡ್ಡದಾಗುತ್ತಾ ಬರುತ್ತಿತ್ತು. ಮೊದಲು ಕೈ ಕಂಡಿತು, ಆಮೇಲೆ ಬೆರಳು, ಆಮೇಲೆ ಬೆರಳಿಗೆ ಹಚ್ಚಿದ ಮದರಂಗಿ.

"ಹಿಡ್ಕೊಳ್ರಪ್ಪೋ!" ಎಂದು ಇವರು ಕಿರುಚಿದರು. ಕನ್ನಡದಲ್ಲಿ. ಅಷ್ಟು ವರ್ಷ ರಸ್ತೆಯ ಮೇಲೆ ತಮಿಳಿನಲ್ಲೇ ಬದುಕಿದ ಮನುಷ್ಯನಿಗೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅದು. ಬಸ್ಸಿನಲ್ಲಿ ಅದು ಅರ್ಥವಾಗಿ ತಕ್ಷಣ ಕಂಬಿ ಹಿಡಿದವಳು ನಾನೊಬ್ಬಳೇ. ಆಮೇಲೆ ಅವರು ಎಡಕ್ಕೆ, ಇಡೀ ಮೈಯನ್ನು ಸ್ಟಿಯರಿಂಗಿನ ಮೇಲೆ ಹೇರಿ, ಬಸ್ಸನ್ನು ರಸ್ತೆಯಿಂದ ಕೆಳಗಿಳಿಸಿದರು. ನಾರಿನ ಫ್ಯಾಕ್ಟರಿಯ ಮುಂದೆ ತೆಂಗಿನ ನಾರಿನ ಪುಡಿಯನ್ನು ಗುಡ್ಡದಂತೆ ಸುರಿದಿದ್ದರು. ಬಸ್ಸು ಆ ಗುಡ್ಡದೊಳಗೆ ಕಿಟಕಿಯವರೆಗೆ ಹೂತುಹೋಯಿತು.

ಕಣ್ಣು ಬಿಟ್ಟಾಗ ಎಲ್ಲವೂ ಕಂದು ಬಣ್ಣ. ಹೂವಿನ ಬುಟ್ಟಿ ಹಾರಿ, ಮಲ್ಲಿಗೆ ಎಲ್ಲರ ತಲೆಯ ಮೇಲೂ ಬಿದ್ದಿತ್ತು. ನಾವೆಲ್ಲ ಮದುವೆಯಲ್ಲಿ ಅಕ್ಷತೆ ಹಾಕಿಸಿಕೊಂಡವರಂತೆ ಕೂತಿದ್ದೆವು. ಕಂಡಕ್ಟರನ ತುಟಿ ಒಡೆದು ಎರಡು ಹಲ್ಲು ಹೋಗಿದ್ದವು. ಉಳಿದವರಿಗೆ ಹೆಚ್ಚೇನೂ ಆಗಿರಲಿಲ್ಲ. ಶಾಲಾ ವ್ಯಾನು ಏನೂ ತಿಳಿಯದೆ ತಿರುವು ದಾಟಿ ಹೋಗಿತ್ತು. ಇವರು ಸ್ಟಿಯರಿಂಗ್ ಬಿಡದೆ ಕೂತಿದ್ದರು. ಹೂವಿನಕ್ಕ ಬಾಯೊಳಗಿನ ಪುಡಿ ಉಗುಳಿ ಮೊದಲು ಮಾತಾಡಿದಳು: "ಪುಣ್ಯಾತ್ಮ, ಇವತ್ತು ಯಾವ ದೇವರ ಶಿಫ್ಟು?" ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಅತ್ತರು.

ಕೆಲವು ದಿನ ಕಳೆದು ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಬಸ್ಸು ನೋಡಲು ಮೊದಲಾಳಿಯ ಶೆಡ್ಡಿಗೆ ಬಂದರು. ವಿದ್ಯಾವಂತ ಪ್ರಯಾಣಿಕರೊಬ್ಬರು ಇರಲಿ ಎಂದು ನನ್ನನ್ನೂ ಕರೆಸಿದ್ದರು. ಮೊದಲಾಳಿಗೆ ಪಾಪ ಇಕ್ಕಟ್ಟು. ಬ್ರೇಕ್ ಕೆಟ್ಟಿತ್ತು ಎಂದರೆ ಬಸ್ಸಿನ ಪರ್ಮಿಟ್ಟಿಗೆ ತೊಂದರೆ. ಡ್ರೈವರ್ ಎಂಜಿನ್ ಆರಿಸಿದ ಎಂದರೆ, ಯಾಕೆ ಆರಿಸಿದ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಬಸ್ಸಿಗೂ ಡ್ರೈವರಿಗೂ ಸಂಬಂಧವಿಲ್ಲದ ಮೂರನೆಯ ಒಂದು ಜೀವವನ್ನು ಅವರು ಹುಡುಕಿದ್ದರು. ಇಳಿಜಾರಿನ ಪಕ್ಕದಲ್ಲಿ ಆಡುಗಳು ಮೇಯುತ್ತವೆ. ಒಂದು ಆಡು ಅಡ್ಡ ಬಂತು, ಅದನ್ನು ಉಳಿಸಲು ಹೋಗಿ ಹೀಗಾಯಿತು. ಇವರು ಅಷ್ಟು ಹೇಳಿಬಿಟ್ಟರೆ ಲೈಸೆನ್ಸೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಒಳಗೆ ಹೋಗುವ ಮುಂಚೆ ಇವರು ಬಾಗಿಲ ಬಳಿ ಸಿಕ್ಕರು. ಮುಖ ಇಳಿದಿತ್ತು. "ಹೇಳ್ಬುಡ್ತೀನಿ ಟೀಚರಮ್ಮ. ಲೈಸೆನ್ಸ್ ಹೋದ್ರೆ ನಾನು ಏನು, ಹೇಳಿ? ಮಗಳಿಗೆ ಇನ್ನೊಂದು ವರ್ಷ ಇದೆ. ಆಡು ಕೋರ್ಟಿಗೆ ಬರೋದಿಲ್ವಲ್ಲ."

ಆಡು ಬಂದಿತ್ತು. ನಾವು ಒಳಗೆ ಹೋಗುವಾಗ ಮುದುಕಿಯೊಬ್ಬಳು ಅದರ ಹಗ್ಗ ಹಿಡಿದು ಶೆಡ್ಡಿನ ನಡುವೆ ನಿಂತಿದ್ದಳು. ಮೊದಲಾಳಿ ಬರೆದುಕೊಟ್ಟದ್ದನ್ನು ನೋಡಿ ಆಡಿನ ಯಜಮಾನಿಯನ್ನೂ ಇನ್‌ಸ್ಪೆಕ್ಟರ್ ಕರೆಸಿದ್ದರಂತೆ. ವಿಚಾರಣೆಗೆ ಸಾಕ್ಷಿ ಸಮೇತ ಬಂದವಳು ಅವಳೊಬ್ಬಳೇ. ನನಗೆ ಮೆತ್ತನೆಯ ಕುರ್ಚಿ ಹಾಕಿದ್ದರು. ಅವಳಿಗೆ ನಿಲ್ಲಲು ಜಾಗ ಬಿಟ್ಟಿದ್ದರು.

"ಯಾವ ಆಡು ಸಾಮಿ? ಇದಾ? ನೋಡಿ ಚೆನ್ನಾಗಿ. ಇದರ ಮೂತಿಗೆ ಬಸ್ಸು ಕೆಡವೋ ಲಕ್ಷಣ ಇದೆಯಾ?" ಅವಳು ತಮಿಳಿನಲ್ಲಿ ಒಂದೇ ಸಮ ಕೂಗುತ್ತಿದ್ದಳು. ಆಡು ಮೊದಲಾಳಿಯ ಕ್ಯಾಲೆಂಡರಿನ ಕೆಳತುದಿಯನ್ನು ತಿನ್ನುತ್ತಿತ್ತು.

ಇನ್‌ಸ್ಪೆಕ್ಟರ್ ಬಾದಾಮಿ ಹಾಲು ಕುಡಿದು ಲೋಟ ಕೆಳಗಿಟ್ಟರು. "ಆಡು ಅಡ್ಡ ಬಂದಿದ್ದರಿಂದ ಆಗಿದ್ದು ಅಂತಾದರೆ, ನಷ್ಟ ತುಂಬಿಕೊಡಬೇಕಾದ್ದು ಆಡಿನವರು" ಎಂದರು.

ಮೊದಲಾಳಿ ಇದನ್ನು ಯೋಚಿಸಿರಲಿಲ್ಲ. ಅವರ ಮುಖ ಅರಳಿತು. "ಹೌದು ಸಾರ್. ಮುಂಗಾಜು, ರೇಡಿಯೇಟರು, ಟಿಂಕರಿಂಗು... ಎಷ್ಟು ಆಡು ಇವೆಯಮ್ಮಾ ನಿನ್ನ ಹತ್ತಿರ?"

ಮುದುಕಿ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ನೀನು ಹೇಳಪ್ಪಾ" ಎಂದರು ಇನ್‌ಸ್ಪೆಕ್ಟರ್. "ಆಡು ಎಲ್ಲಿಂದ ಬಂತು?"

ಇವರು ಆಡನ್ನು ನೋಡಿದರು, ಮುದುಕಿಯ ಕೈಯನ್ನು ನೋಡಿದರು. ಕಂಡಕ್ಟರ್ ಒಡೆದ ತುಟಿಯಲ್ಲೇ, "ಹೇಳಣ್ಣಾ" ಎಂದು ಪಿಸುಗುಟ್ಟಿದ.

"ಆಡು ಬರ್ಲಿಲ್ಲ ಸಾರ್" ಎಂದರು. "ಅದನ್ನ ಗೂಟಕ್ಕೆ ಕಟ್ಟಾಕಿದ್ರು. ಅದಕ್ಕೆ ಹಗ್ಗ ಆದ್ರೂ ಇತ್ತು, ನನ್ನ ವಂಡಿಗೆ ಬ್ರೇಕ್ ಇರ್ಲಿಲ್ಲ. ಎಂಜಿನ್ ಆಫ್ ಮಾಡಿದ್ದು ನಾನೇ."

"ಯಾಕೆ?"

"ಡೀಸೆಲ್ ಉಳ್ಸೋಕೆ."

"ಯಾರಿಗೆ?"

"ಅರ್ಧ ಅವ್ರಿಗೆ, ಅರ್ಧ ನನಗೆ. ಆಮೇಲಾಮೇಲೆ ಪೂರ್ತಿ ಅವ್ರಿಗೆ."

ಮೊದಲಾಳಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಾನು ಎಂಜಿನ್ ಆರಿಸು ಅಂದೆನಾ ಸಾರ್? ಜಾಗ್ರತೆಯಾಗಿ ಓಡಿಸಿದವರಿಗೆ ಬಹುಮಾನ ಅಂದೆ. ಬಹುಮಾನ ಕೊಡೋದು ತಪ್ಪಾ?"

ಆಗ ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. ನಾನು ಕಂಡದ್ದನ್ನು ಹೇಳಿದೆ. ಕೀಲಿ ತಿರುಗಿದ್ದು, ಶಾಲಾ ವ್ಯಾನು, ಅದನ್ನು ಬಿಟ್ಟು ಗುಡ್ಡಕ್ಕೆ ತಿರುಗಿಸಿದ್ದು. ಬತ್ತಾ ಏರದೆ ಇದ್ದದ್ದನ್ನೂ ಹೇಳಿದೆ, ಉಳಿಸಿದಷ್ಟೂ ಗುರಿ ಏರಿದ್ದನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿ, ಬಹಳ ವಿನಯದಿಂದ, "ಅದು ಕೂಲಿಯ ವಿಷಯ ಮೇಡಂ, ಕಾರ್ಮಿಕ ಇಲಾಖೆಗೆ ಬರತ್ತೆ. ನಮ್ಮದು ಕೀಲಿಯವರೆಗೆ ಮಾತ್ರ" ಎಂದರು. ಲೈಸೆನ್ಸು ಕೆಲವು ತಿಂಗಳಿಗೆ ಅಮಾನತಾಯಿತು. ಕೆಲಸ ಅಲ್ಲೇ ಹೋಯಿತು.

ಹೊರಗೆ ಬಂದಾಗ ಮುದುಕಿ ಅವರ ದಾರಿಗೆ ಅಡ್ಡ ನಿಂತಳು. ಕೈ ಮುಗಿಯುತ್ತಾಳೆ ಎಂದುಕೊಂಡೆ. ಬೈದಳು. "ಮಗಳಿದ್ದಾಳಂತಲ್ಲೋ ನಿನಗೆ, ಮಡೆಯ! ಆಡು ಬಂತು ಅನ್ನೋದಕ್ಕೇನು ನಿನಗೆ? ನಾನು ಅವರ ಹತ್ತಿರ ಜಗಳ ಆಡ್ಕೋತಿದ್ದೆ."

"ಆಗ್ತಿತ್ತು ಆತ್ತಾ" ಎಂದರು ಇವರು, ತಾಯಿಯನ್ನು ಕರೆಯುವ ಹಾಗೆ. "ಆದ್ರೆ ನಿನ್ನ ಆಡು ನನ್ನನ್ನೇ ನೋಡ್ತಿತ್ತು."

ಆಮೇಲೆ ಬಸ್ಸು ರಿಪೇರಿಯಾಗಿ ಬಂತು. ಹೊಸ ಬಣ್ಣ, ಹೊಸ ಗಾಜು. ಆದರೆ ಓಡಲಿಲ್ಲ. ಆ ಬತ್ತಾಕ್ಕೆ ಬರುವ ಡ್ರೈವರ್ ಸಿಗಲಿಲ್ಲ. 'ಡ್ರೈವರ್ ಬೇಕಾಗಿದ್ದಾರೆ' ಎಂದು ಬರೆದ ಹಾಳೆಯನ್ನು ಹೊಸ ಮುಂಗಾಜಿಗೆ ಅಂಟಿಸಿಕೊಂಡು ಬಸ್ಸು ಶೆಡ್ಡಿನ ಮುಂದೆ ನಿಂತಿದೆ. ಬತ್ತಾ ಏರಿಸುವುದಕ್ಕಿಂತ ಬಸ್ಸು ನಿಲ್ಲಿಸುವುದೇ ಉಳಿತಾಯವೆಂದು ಮೊದಲಾಳಿಯ ಲೆಕ್ಕ ಹೇಳಿರಬೇಕು. ಡೀಸೆಲ್ ಅಂತೂ ಪೂರ್ತಿ ಉಳಿಯುತ್ತಿದೆ.

ಹೋದ ವಾರ ಸಂಜೆ ಕಾಲೇಜಿನ ಮುಂದಿನ ಸ್ಟಾಪಿನಲ್ಲಿ ಅವರು ಸಿಕ್ಕರು. ಖಾಕಿ ಇಲ್ಲದೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅಂಗಿಯ ತುಂಬ ಬಣ್ಣಬಣ್ಣದ ದಾರದ ಚೂರುಗಳು ಅಂಟಿದ್ದವು. ಹೆಂಡತಿ ಹೋಗುವ ಕಂಪನಿಯಲ್ಲೇ ದಾರ ಕತ್ತರಿಸುವ ಕೆಲಸ ಸಿಕ್ಕಿದೆಯಂತೆ.

"ಅಲ್ಲಿ ಗಂಡಸು ನಾನೊಬ್ನೇ ಟೀಚರಮ್ಮ. ಹೆಂಗಸರ ಕೂಲಿನೇ ಕೊಡ್ತಾರೆ. ನನ್ನ ಬೆರಳು ದಪ್ಪ ಅಂತೆ, ಕತ್ತರಿ ಓಡೋದಿಲ್ಲ. ನಮ್ಮಾಕೆ ಮೇಸ್ತ್ರಿ ಇದ್ದಂಗೆ, ನನ್ನ ಬಟ್ಟೆ ಎಲ್ಲಾ ಎರಡನೇ ಸಲ ನೋಡ್ತಾಳೆ." ನಕ್ಕರು. "ಅವಳಿಗೆ ಇವತ್ತು ಓವರ್‌ಟೈಮು."

"ಮಗಳು?"

"ಓದ್ತಾ ಅವ್ಳೆ. ಹೆಂಗೋ ಓದ್ತಾ ಅವ್ಳೆ."

ಇಬ್ಬರೂ ರಸ್ತೆ ನೋಡುತ್ತಾ ನಿಂತೆವು. ಈ ಹೊತ್ತಿಗೆ ಇಲ್ಲಿಗೆ ಬರಬೇಕಾಗಿದ್ದದ್ದು ಅವರದೇ ಬಸ್ಸು. ಒಂದು ಶೇರ್ ಆಟೋ ಬಂದು ನಿಂತಿತು. ಬಸ್ಸಿಲ್ಲದ ಮೇಲೆ ಆಟೋದವರ ದರವೂ ಏರಿದೆ. ನಾನು ಹತ್ತಿ, ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಿ ಕೂತು, ಪಕ್ಕಕ್ಕೆ ಸರಿದೆ. ಅವರು ಹತ್ತಲಿಲ್ಲ.

"ನೀವು ಹೋಗಿ ಟೀಚರಮ್ಮ. ಅನ್ನೂರು ಏನು ದೂರ? ನಡ್ಕೊಂಡು ಬಂದು ಅಲ್ಲಿ ಗವರ್ಮೆಂಟ್ ಬಸ್ಸು ಹಿಡೀತೀನಿ."

ಆಟೋದವನು ಅವರ ಗುರುತು ಹಿಡಿದ. "ಅಣ್ಣಾ, ನೀವಾ? ಬನ್ನಿ ಬನ್ನಿ, ದುಡ್ಡು ಬೇಡ."

"ನಿನಗೇನು ಡೀಸೆಲ್ ಸುಮ್ನೆ ಕೊಡ್ತಾರಾ ತಂಬಿ? ಹೋಗು, ಸವಾರಿ ಕಾಯ್ತಾ ಅವ್ರೆ" ಎಂದು ಆಟೋದ ಟಾಪನ್ನು ಎರಡು ಸಲ ತಟ್ಟಿ ಕಳಿಸಿದರು.

ಆಟೋ ಹೊರಟಿತು. ನಾನು ಹಿಂಬದಿಗೆ ನೋಡುತ್ತಾ ಕೂತಿದ್ದರಿಂದ ಅವರು ನಡೆದು ಬರುವುದು ಕಾಣುತ್ತಿತ್ತು. ರಸ್ತೆಯ ಎಡದಂಚಿನಲ್ಲಿ, ಒಂದೇ ವೇಗದಲ್ಲಿ. ಅವರ ಹಿಂದೆ ಮದುಕ್ಕರೈ ಫ್ಯಾಕ್ಟರಿಯ ಒಂದು ಸಿಮೆಂಟ್ ಲಾರಿ ವೇಗವಾಗಿ ಬರುತ್ತಿತ್ತು. ನನ್ನ ಕೈ ಆಟೋದ ಕಂಬಿ ಹಿಡಿಯಿತು. ಸ್ಟಾಪಿನ ಹತ್ತಿರದ ಕವಲು ದಾರಿ ಬಂದಾಗ ಅವರು ರಸ್ತೆ ದಾಟಬೇಕಾಗಿತ್ತು. ತಿರುಗುವ ಮೊದಲು, ಬಸ್ಸಿನ ಕಿಟಕಿಯಿಂದ ಸಿಗ್ನಲ್ ಕೊಡುವ ಹಾಗೆ, ಬಲಗೈಯನ್ನು ನೀಟಾಗಿ ಹೊರಗೆ ಚಾಚಿದರು.

ಲಾರಿ ನಿಂತಿತು.